ಮುಯ್ಯಿ ಇಲ್ಲದ ಭಾನುವಾರ

ಯಾರಾದರೂ ನನಗೆ ಏನಾದರೂ ಕೊಟ್ಟರೆ ಮೈಮೇಲೆ ಇರುವೆ ಬಿಟ್ಟ ಹಾಗಾಗುತ್ತಿತ್ತು. ಈಗ ಸ್ವಲ್ಪ ವಾಸಿ. ಮೊದಲು ಎಷ್ಟಿತ್ತು ಅಂತ ಒಂದು ಉದಾಹರಣೆ ಹೇಳುತ್ತೇನೆ. ಪಕ್ಕದ ಮನೆಯ ಅಕ್ಕ ಒಂದು ಸಲ ಸ್ಟೀಲ್ ಡಬ್ಬಿಯಲ್ಲಿ ಅವರೆಕಾಳಿನ ಸಾರು ಕಳಿಸಿದರು. ಖಾಲಿ ಡಬ್ಬಿ ವಾಪಸ್ ಕೊಡಬಾರದು ಅನ್ನುವುದು ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದ್ದದ್ದೇ. ಒಂದು ಚಿಟಿಕೆ ಸಕ್ಕರೆ ಹಾಕಿ ಕೊಟ್ಟರೆ ಮುಗಿಯಿತು. ನಾನು ಸಕ್ಕರೆಗೆ ನಿಲ್ಲುವವಳೇ? ಕಜ್ಜಾಯ ಮಾಡಿ ಡಬ್ಬಿಯ ಬಾಯಿವರೆಗೆ ತುಂಬಿ ಕಳಿಸಿದೆ. ಆ ಅಕ್ಕನೂ ಕಡಿಮೆಯೇನಲ್ಲ, ಒಬ್ಬಟ್ಟು ಬಂತು. ಹೀಗೆ ಆ ಡಬ್ಬಿ ಎರಡು ಮನೆಯ ನಡುವೆ ಒಂದು ವರ್ಷ ಓಡಾಡಿತು. ಕೊನೆಗೆ ನಮ್ಮ ಯಜಮಾನರೇ ಒಂದು ದಿನ ಅದನ್ನು ಅಟ್ಟದ ಮೇಲೆ ಬಚ್ಚಿಟ್ಟು, "ಇನ್ನು ನನ್ನ ಹೊಟ್ಟೆಗೆ ಆಗೋದಿಲ್ಲ" ಎಂದು ಕೈಮುಗಿದರು.

ನಾವು ಇರುವುದು ಚನ್ನಪಟ್ಟಣದ ಹತ್ತಿರದ ಹಳ್ಳಿಯಲ್ಲಿ. ಒಂದೂವರೆ ಎಕರೆ ಹಿಪ್ಪುನೇರಳೆ ತೋಟ, ಹಿತ್ತಲಲ್ಲಿ ಶೀಟು ಹೊದಿಸಿದ ಹುಳದ ಮನೆ, ವರ್ಷಕ್ಕೆ ಐದಾರು ರೇಷ್ಮೆ ಬೆಳೆ. ಊರಿಗೆಲ್ಲ ನಮ್ಮದೊಂದೇ ಕ್ರೈಸ್ತರ ಮನೆ. ಭಾನುವಾರ ಸ್ಕೂಟರಿನಲ್ಲಿ ಚನ್ನಪಟ್ಟಣದ ಚರ್ಚಿಗೆ ಹೋಗುತ್ತೇವೆ. ಅಲ್ಲಿ ನಾನು ಸಂಡೇ ಸ್ಕೂಲ್ ಟೀಚರ್. "ಕೃಪೆ ಅಂದರೆ ದುಡಿದು ಸಂಪಾದಿಸಿದ್ದಲ್ಲ, ದೇವರು ಸುಮ್ಮನೆ ಕೊಡುವುದು" ಎಂದು ಮಕ್ಕಳ ಕೈಲಿ ಜೋರಾಗಿ ಹೇಳಿಸುವವಳು ನಾನೇ. "ಸುಮ್ಮನೆ ಯಾಕೆ ಕೊಡ್ತಾರೆ ಟೀಚರ್?" ಎಂದು ಒಬ್ಬ ಹುಡುಗಿ ಕೇಳಿದಾಗ, "ಪ್ರೀತಿಗೆ" ಎಂದು ಹೇಳಿ ಬೇಗಬೇಗ ಮುಂದಿನ ಪಾಠಕ್ಕೆ ಹೋಗಿದ್ದೆ. ಯಾಕೆಂದರೆ ನನಗೇ ಅದು ಗಂಟಲಲ್ಲಿ ಇಳಿದಿರಲಿಲ್ಲ.

ನಮ್ಮ ಕಡೆ ಮುಯ್ಯಾಳು ಅಂತ ಒಂದು ಪದ್ಧತಿ ಇದೆ. ಇವತ್ತು ನೀವು ನಮ್ಮ ಮನೆಯ ಕೆಲಸಕ್ಕೆ ಬಂದರೆ, ನಿಮ್ಮ ಮನೆಯ ಕೆಲಸದ ದಿನ ನಾವು ಬಂದು ತೀರಿಸುತ್ತೇವೆ. ಕೂಲಿ ಇಲ್ಲ, ಊಟ ಉಂಟು. ಬಹಳ ಒಳ್ಳೆಯ ಪದ್ಧತಿ, ನಾನೇನೂ ದೂರುವುದಿಲ್ಲ. ನನ್ನ ತಪ್ಪೆಂದರೆ ಅದನ್ನು ದೇವರ ಜೊತೆಗೂ ನಡೆಸಿಕೊಂಡು ಬಂದದ್ದು. ಬೋರ್‌ವೆಲ್ಲಿನಲ್ಲಿ ನೀರು ಬಿದ್ದಾಗ, ಅದಕ್ಕೆ ಪ್ರತಿಯಾಗಿ ಈಸ್ಟರಿಗೆ ಮುಂಚಿನ ನಲವತ್ತು ದಿನದ ಲೆಂಟ್ ವ್ರತದ ಉದ್ದಕ್ಕೂ ಕಾಫಿ ಬಿಟ್ಟೆ. ಕಾಫಿ ಬಿಟ್ಟ ನನ್ನ ಸಿಡುಕನ್ನು ಸಹಿಸಿದವರು ಯಜಮಾನರು, ಆದ್ದರಿಂದ ಹರಕೆ ತೀರಿಸಿದವರೂ ಅವರೇ ಅನ್ನಬೇಕು. ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಿದಾಗ ಮೂರು ಭಾನುವಾರ ಎಲ್ಲರಿಗಿಂತ ಮೊದಲು ಹೋಗಿ ಚರ್ಚ್ ಗುಡಿಸಿದೆ. ಗುಡಿಸುವುದು ತಪ್ಪಲ್ಲ. ಆದರೆ ಸೀಟು ಸಿಕ್ಕಿದ ದಿನ ಕುಣಿದಾಡಬೇಕಾದವಳು ಪೊರಕೆ ಹುಡುಕಿಕೊಂಡು ಹೋದೆನಲ್ಲ, ಅದು ತಪ್ಪು. ನನ್ನ ಪ್ರಾರ್ಥನೆಗಳೆಲ್ಲ "ತಂದೆಯೇ, ಇದಕ್ಕೆ ಪ್ರತಿಯಾಗಿ ನಾನು" ಎಂದೇ ಶುರುವಾಗುತ್ತಿದ್ದವು.

ಹೋದ ವರ್ಷದ ಬೇಸಿಗೆಯಲ್ಲಿ, ತೋಟದಲ್ಲಿ ಡ್ರಿಪ್ ಪೈಪಿಗೆ ಕಾಲು ಸಿಕ್ಕಿಕೊಂಡು ದಬಕ್ಕನೆ ಬಿದ್ದೆ. ಬಲಗೈ ಮುರಿಯಿತು. ಪ್ಲಾಸ್ಟರ್ ಹಾಕಿದ ಡಾಕ್ಟರ್, ಆರು ವಾರ ಈ ಕೈಯಲ್ಲಿ ಒಂದು ಲೋಟವನ್ನೂ ಎತ್ತಬೇಡಿ ಎಂದರು. ಹುಳದ ಮನೆಯಲ್ಲಿ ನೂರೈವತ್ತು ಮೊಟ್ಟೆಯ ಹುಳ ಮೇಯುತ್ತಿತ್ತು; ನಮ್ಮ ಲೆಕ್ಕದಲ್ಲಿ ಒಂದು ಮೊಟ್ಟೆ ಅಂದರೆ ನಾನೂರು ಐನೂರು ಹುಳ. ಮಗಳ ಆ ವರ್ಷದ ಓದು ಅದೇ ಬೆಳೆಯ ಮೇಲೆ ನಿಂತಿತ್ತು.

ಹುಳ ಸಾಕದವರಿಗೆ ಒಂದು ಮಾತು ಹೇಳಬೇಕು. ಹುಳ ನಾಲ್ಕು ಸಲ ಮೇವು ಬಿಟ್ಟು ಮಲಗಿ, ಪೊರೆ ಬಿಟ್ಟು ಏಳುತ್ತದೆ. ಅದಕ್ಕೆ ಜ್ವರ ಅನ್ನುತ್ತೇವೆ. ನಾಲ್ಕನೇ ಜ್ವರ ಎದ್ದು ವಾರ ಮೇಯ್ದ ಮೇಲೆ ಅದು ಹಣ್ಣಾಗುತ್ತದೆ, ಅಂದರೆ ಗೂಡು ಕಟ್ಟಲು ತಯಾರಾಗುತ್ತದೆ. ಅವತ್ತು ಒಂದೊಂದೇ ಹುಳವನ್ನು ಕೈಯಲ್ಲಿ ಆಯ್ದು, ಚಂದ್ರಿಕೆ ಅನ್ನುವ ಬಿದಿರಿನ ತಟ್ಟಿಯ ಮೇಲೆ ಬಿಡಬೇಕು. ಸಂಜೆಯೊಳಗೆ ಬಿಡದಿದ್ದರೆ ಕಡ್ಡಿ ಕಸದ ಮಧ್ಯವೇ ನೂಲು ಬಿಟ್ಟು, ಒಂದರ ಮೇಲೊಂದು ಕಟ್ಟಿಕೊಂಡು, ತಿಂಗಳ ದುಡಿಮೆ ಹಾಳು. ಮಾರ್ಕೆಟ್ಟಿನಲ್ಲಿ ಅಂಥ ಗೂಡನ್ನು ಯಾರೂ ತಿರುಗಿ ನೋಡುವುದಿಲ್ಲ. ಅದಕ್ಕೇ ಹುಳ ಹಣ್ಣಾದ ದಿನ ಮುಯ್ಯಾಳಿಗೆ ಅರ್ಧ ಊರೇ ಬರುತ್ತದೆ.

ಬಂದರೆ ನಾನು ಹೇಗೆ ತೀರಿಸಲಿ? ಆರು ವಾರದೊಳಗೆ ಅವರೆಲ್ಲರ ಮನೆಯಲ್ಲೂ ಹುಳ ಹಣ್ಣಾಗುತ್ತದೆ. ನನ್ನ ಕೈಯೋ ಕುತ್ತಿಗೆಗೆ ಜೋತು ಬಿದ್ದಿದೆ. ಈ ಯೋಚನೆಯಲ್ಲೇ ನಾನು ಒಂದು ಸುಳ್ಳು ಹೇಳಿಬಿಟ್ಟೆ. ಅಕ್ಕ ಕಾಂಪೌಂಡಿನ ಆಚೆಯಿಂದ, "ಹುಳ ಯಾವಾಗ್ಲವ್ವಾ ಹಣ್ಣಾಗದು?" ಎಂದಾಗ, "ಈ ಸಲ ಜ್ವರ ತಡವಾಗಿ ಎದ್ದಿವೆ ಅಕ್ಕಾ, ಬುಧವಾರ ಆಗಬಹುದು" ಎಂದೆ. ನಿಜವಾಗಿ ಸೋಮವಾರಕ್ಕೆ ಬೈರಾಪಟ್ಟಣದ ಕಡೆಯಿಂದ ಕೂಲಿಯವರನ್ನು ಗೊತ್ತುಮಾಡಿದ್ದೆ. ಬುಧವಾರ ಅಕ್ಕ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ, ಯಾರ ಹಂಗೂ ಇಲ್ಲ ಎಂದು ಒಳಗೊಳಗೇ ಬೀಗಿದೆ. ಯಜಮಾನರು ನನ್ನನ್ನು ಒಂದು ಸಲ ನೋಡಿ ಸೊಪ್ಪು ಕೊಯ್ಯಲು ಹೋದರು.

ಆ ವಾರ ಬಿಸಿಲು ಸುಟ್ಟುಹೋಗುವ ಹಾಗಿತ್ತು. ಸೆಖೆ ಜಾಸ್ತಿಯಾದರೆ ಹುಳ ಬೇಗ ಹಣ್ಣಾಗುತ್ತದೆ. ಇಪ್ಪತ್ತು ವರ್ಷ ಹುಳ ಸಾಕಿದವಳಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು, ಹಮ್ಮಿನಲ್ಲಿ ಮರೆತಿದ್ದೆ. ಭಾನುವಾರ ಬೆಳಿಗ್ಗೆ ಚರ್ಚಿಗೆ ಹೊರಡಲು ಸೀರೆ ಉಟ್ಟು, ಒಂದು ಸಲ ಇಣುಕೋಣ ಎಂದು ಹುಳದ ಮನೆಗೆ ಹೋದೆ. ಹುಳಗಳು ಹಾಕಿದ ಸೊಪ್ಪು ಮುಟ್ಟಿರಲಿಲ್ಲ. ಮೈಯೆಲ್ಲ ಜೇನಿನ ಬಣ್ಣಕ್ಕೆ ತಿರುಗಿ, ತಲೆಯೆತ್ತಿ ಆಡಿಸುತ್ತಿದ್ದವು. ಕೂಲಿಯವರಿಗೆ ಫೋನ್ ಮಾಡಿದರೆ, "ಮದ್ವೆಗೆ ಬಂದಿವಿ ಕಣಕ್ಕಾ, ನಾಳೆ ಮುಂಜಾನೆಗೇ ಬತ್ತೀವಿ" ಎಂದರು.

ನಾವಿಬ್ಬರೇ ಶುರುಮಾಡಿದೆವು. ಎಡಗೈಯಲ್ಲಿ ಹುಳ ಆಯುವುದು ಎಷ್ಟು ಕಷ್ಟ ಅಂತ ಅವತ್ತು ತಿಳಿಯಿತು. ಮೂರು ಹಿಡಿದರೆ ಒಂದು ಜಾರುತ್ತದೆ, ಒಂದು ಹಿಸುಕುತ್ತದೆ. ಒಂಬತ್ತು ಗಂಟೆಗೆ ಬರಿ ಹತ್ತು ಚಂದ್ರಿಕೆ ತುಂಬಿದ್ದವು. ಇನ್ನೂ ಐವತ್ತಕ್ಕೂ ಹೆಚ್ಚು ಬೇಕು.

"ಊರವರನ್ನ ಕರೀತೀನಿ" ಎಂದರು ಯಜಮಾನರು.

"ಬೇಡ. ಯಾರು ತೀರಿಸೋದು?"

"ಬೆಳೆ ಹೋದ್ರೆ ಪರವಾಗಿಲ್ವಾ?"

ನಾನು ಎಡಗೈಯಲ್ಲಿ ಇನ್ನೊಂದು ಹುಳ ಆಯ್ದೆ. ಅವರು ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು, "ಹೋಗ್ಲಿ, ಚಂದ್ರಿಕೆ ಸಾಲಲ್ಲ. ಅಕ್ಕನ ಮನೆಯಿಂದ ಅದನ್ನಾದ್ರೂ ತರ್ಲಾ?" ಎಂದರು. "ಚಂದ್ರಿಕೆ ಮಾತ್ರ ಕೇಳಿ, ಆಳು ಕೇಳಬೇಡಿ" ಎಂದೆ. ಹುಳ ಹಣ್ಣಾಗದೆ ಯಾವ ಹುಚ್ಚರು ಚಂದ್ರಿಕೆ ಕೇಳಿಕೊಂಡು ಹೋಗುತ್ತಾರೆ ಅನ್ನುವುದು ನನ್ನ ಬುದ್ಧಿಗೆ ಹೊಳೆಯಲೇ ಇಲ್ಲ. ಯಜಮಾನರಿಗೆ ಖಂಡಿತ ಹೊಳೆದಿತ್ತು. ಇವತ್ತಿಗೂ ಕೇಳಿದರೆ ಮುಸಿಮುಸಿ ನಗುತ್ತಾರೆ.

ಎರಡು ನಿಮಿಷಕ್ಕೆ ಅಕ್ಕ ಬಂದರು. ಅರವತ್ತು ದಾಟಿದ ಹೆಂಗಸು, ಹಣೆಯಲ್ಲಿ ವಿಭೂತಿ, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರು. ಹುಳಕ್ಕೆ ರೋಗ ಬಾರದಿರಲೆಂದು ಬಾಗಿಲಲ್ಲಿ ಹಾಕಿದ್ದ ಸುಣ್ಣದ ಪುಡಿ ತುಳಿದು ಒಳಗೆ ಬಂದವರೇ ಹುಳ ನೋಡಿದರು, ನನ್ನನ್ನು ನೋಡಿದರು.

"ಬುಧವಾರವಾ?"

ನಾನು ನೆಲ ನೋಡಿದೆ.

"ಬಾಯ್ ತುಂಬ ಅಕ್ಕಾ ಅಕ್ಕಾ ಅಂತೀಯೆ, ಹುಳ ಹಣ್ಣಾಗೈತೆ ಅಂತ ಒಂದು ಮಾತು ಹೇಳಕ್ಕಾಗಕ್ಕಿಲ್ವಾ? ಥೂ ನಿನ್ನ!" ಎಂದು ಬೈದು, ನೇರ ಬೀದಿಗೆ ಹೋಗಿ ನಿಂತು ಕೂಗಿದರು. ಆ ಗಂಟಲಿಗೆ ಮೈಕು ಬೇಕಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ಕಾಲು ತೊಳೆದುಕೊಂಡು ಬಂದರು. ಕೆಲವರ ಗಂಡಂದಿರು ತಲೆ ಮೇಲೆ ಚಂದ್ರಿಕೆ ಹೊತ್ತು ತಂದರು. ನನ್ನನ್ನು ಅಂಗಳದ ಬೇವಿನ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದರು. ಎದ್ದರೆ ಕುರ್ಚಿಗೇ ಕಟ್ಟಿಹಾಕುತ್ತೇನೆ ಎಂದು ಅಕ್ಕನ ಆಜ್ಞೆಯಾಯಿತು.

ಕೂತೆ. ಕೂತವಳು ಏನು ಮಾಡಿದೆ? ಬಂದವರ ಮುಖ ಒಂದೊಂದೇ ನೋಡುತ್ತ, ಇವರ ಮನೆಗೆ ಒಂದು ದಿನ, ಇವರ ಮನೆಯಿಂದ ಇಬ್ಬರು ಬಂದಿದ್ದಾರೆ ಎರಡು ದಿನ, ಎಂದು ಮನಸ್ಸಿನಲ್ಲೇ ಗುಣಿಸಿಕೊಂಡೆ. ಅಕ್ಕ ತುಂಬಿದ ಚಂದ್ರಿಕೆಯನ್ನು ನೆರಳಿಗೆ ಒರಗಿಸಲು ಬಂದವರು ನನ್ನ ತುಟಿ ಅಲುಗಾಡುವುದನ್ನು ಕಂಡರು.

"ಪ್ರಾರ್ಥನೆ ಮಾಡ್ತಿದ್ದೀಯಾ?"

ಇನ್ನೊಂದು ಸುಳ್ಳಿಗೆ ಧೈರ್ಯ ಬರಲಿಲ್ಲ. "ಇಲ್ಲಕ್ಕಾ. ಎಷ್ಟು ಆಳು ಬಂದ್ರು ಅಂತ ಎಣಿಸ್ತಿದ್ದೆ. ತೀರಿಸಬೇಕಲ್ಲ."

ಅಕ್ಕ ಚಂದ್ರಿಕೆ ಒರಗಿಸಿ, ನನ್ನ ಎದುರು ನೆಲದ ಮೇಲೆಯೇ ಕೂತರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ.

"ನಾನು ಕೈ ಮುರ್ಕೊಂಡಿದ್ರೆ ನೀನು ಬತ್ತಿರ್ಲಿಲ್ವಾ?"

"ಓಡಿ ಬರ್ತಿದ್ದೆ."

"ವಾಪಸ್ ಕೇಳ್ತಿದ್ಯಾ?"

"ಛೆ, ಇಲ್ಲ."

"ಹಂಗಾದ್ರೆ ಊರ್ನಾಗೆ ಒಳ್ಳೇವ್ಳು ನೀನೊಬ್ಳೇನಾ? ಕೊಡೋ ಖುಷಿಯೆಲ್ಲ ನಿಂಗೇ ಬೇಕು, ನಮ್ಗೆ ಒಸಿನೂ ಬುಡಾಕಿಲ್ಲ ನೀನು. ನಿಮ್ಮ ಯೇಸಪ್ಪಂಗೂ ಹಿಂಗೇ ಕಾಟ ಕೊಡ್ತೀಯಾ?"

ಅಷ್ಟು ಹೇಳಿ ಮಂಡಿ ಹಿಡಿದುಕೊಂಡು ಎದ್ದು ಒಳಗೆ ಹೋದರು. ಇಪ್ಪತ್ತು ವರ್ಷ ಚರ್ಚಿನಲ್ಲಿ ಕೇಳಿದ ಪ್ರಸಂಗಗಳಲ್ಲಿ ಯಾವುದೂ ನನ್ನನ್ನು ಹಾಗೆ ಹಿಡಿದು ಅಲ್ಲಾಡಿಸಿರಲಿಲ್ಲ. ತೀರಿಸಲೇಬೇಕೆಂಬ ನನ್ನ ಹಟವನ್ನು ನಾನು ಋಣಕ್ಕೆ ಹೆದರುವ ಸ್ವಭಾವ, ಸ್ವಾಭಿಮಾನ, ಭಕ್ತಿ ಎಂದೆಲ್ಲ ಕರೆದುಕೊಂಡಿದ್ದೆ. ಅದು ಬರಿ ಜಂಬ. ಕೊಡುವ ಕೈ ಯಾವಾಗಲೂ ನನ್ನದೇ ಆಗಿರಬೇಕು, ದೇವರ ಕೈ ಕೂಡ ನನ್ನ ಕೈಗಿಂತ ಮೇಲೆ ಇರಬಾರದು ಅನ್ನುವ ಜಂಬ. ನಾಚಿಕೆಯಾಯಿತು. ಅದರ ಹಿಂದೆಯೇ, ಹೇಗೆ ಹೇಳಲಿ, ನಗು ಬಂತು. ಎಷ್ಟು ವರ್ಷ ಸುಮ್ಮಸುಮ್ಮನೆ ಬೆವರಿದ್ದೆ!

ಹನ್ನೊಂದೂವರೆಗೆ ಆರಾಧನೆ ಮುಗಿಸಿ ನಮ್ಮ ಪಾಸ್ಟರ್ ಬಂದರು. ನಾವು ಯಾಕೆ ಬಂದಿಲ್ಲ ಎಂದು ಫೋನ್ ಮಾಡಿ ವಿಷಯ ತಿಳಿದುಕೊಂಡಿದ್ದರಂತೆ. ಪ್ರಾರ್ಥನೆ ಮಾಡಿ ಹೊರಡುತ್ತಾರೆ ಎಂದುಕೊಂಡರೆ, ಬಿಳಿ ಶರ್ಟಿನ ತೋಳು ಮಡಚಿ ಹುಳ ಆಯಲು ಕೂತೇಬಿಟ್ಟರು. ಪೇಟೆಯಲ್ಲಿ ಬೆಳೆದ ಮನುಷ್ಯ, ಹಣ್ಣು ಯಾವುದು ಕಾಯಿ ಯಾವುದು ಗೊತ್ತಿಲ್ಲ. "ಅಯ್ನೋರೇ, ಅದಿನ್ನೂ ಮೇಯ್ತಾ ಐತೆ, ಬುಡಿ, ಬುಡಿ! ಊಟದ ಮಧ್ಯ ಎಬ್ಬಿಸ್ತೀರಲ್ಲ!" ಎಂದು ಅಕ್ಕ ಕೂಗಿದರು. ಹುಳದ ಮನೆಯೆಲ್ಲ ನಗು. ಪಾಸ್ಟರ್ ಆ ಹುಳಕ್ಕೆ "ಸಾರಿ" ಹೇಳಿ ಸೊಪ್ಪಿನ ಮೇಲೆ ವಾಪಸ್ ಬಿಟ್ಟರು. ನನಗಂತೂ ನಕ್ಕು ನಕ್ಕು ಮುರಿದ ಕೈ ನೋಯತೊಡಗಿತು.

ಮೂರು ಗಂಟೆಗೆ ಕೊನೆಯ ಚಂದ್ರಿಕೆ ತುಂಬಿತು. ಅಂಗಳದ ತುಂಬ ಚಂದ್ರಿಕೆಗಳು ಸಾಲಾಗಿ ನಿಂತಿದ್ದವು, ಹುಳಗಳು ಆಗಲೇ ನೂಲು ತೆಗೆಯುತ್ತಿದ್ದವು. ಅಕ್ಕನ ಮನೆಯಿಂದ ಮುದ್ದೆ, ಮಸ್ಸೊಪ್ಪಿನ ಸಾರು ಬಂತು. ಊಟಕ್ಕೆ ಮುಂಚೆ ನೀವೇ ಸ್ತೋತ್ರ ಹೇಳಿ ಎಂದು ಪಾಸ್ಟರ್ ನನಗೆ ಹೇಳಿದರು. ನಾನು ಕಣ್ಣು ಮುಚ್ಚಿ, ರೂಢಿಯಂತೆ "ತಂದೆಯೇ, ಇದಕ್ಕೆ ಪ್ರತಿಯಾಗಿ ನಾನು" ಎಂದು ಶುರುಮಾಡಿ ಅಲ್ಲೇ ನಿಂತೆ. ಪ್ರತಿಯಾಗಿ ಕೊಡಲು ಒಂದೂ ಹೊಳೆಯಲಿಲ್ಲ. ಗುಡಿಸಲು ಕೈ ಇಲ್ಲ. ಕಾಫಿ ಬಿಡುತ್ತೇನೆ ಅನ್ನಲು ಎದುರಿಗೆ ಯಜಮಾನರು ಇದ್ದಾರೆ. ಕೊನೆಗೆ, "ಏನೂ ಇಲ್ಲ ಸ್ವಾಮಿ. ಕೊಟ್ಟಿದ್ದೀಯ, ತಗೊಂಡಿದ್ದೀನಿ. ಸ್ತೋತ್ರ. ಆಮೆನ್" ಎಂದೆ. ನನ್ನ ಜೀವನದ ಅತಿ ಚಿಕ್ಕ ಪ್ರಾರ್ಥನೆ. ಎದೆ ಹಗುರವಾಗಿ, ಕಣ್ಣಲ್ಲಿ ನೀರು ಬಂದು, ಬಹಳ ಸಂತೋಷವಾಯಿತು.

ಗೂಡು ಚೆನ್ನಾಗಿ ಬಂತು. ರಾಮನಗರದ ಮಾರ್ಕೆಟ್ಟಿಗೆ ಯಜಮಾನರು ಆಟೋದಲ್ಲಿ ಹಾಕಿಕೊಂಡು ಹೋದರು, ಮಗಳ ಓದು ನಿಲ್ಲಲಿಲ್ಲ. ಇಷ್ಟಕ್ಕೇ ನನಗೆ ಬುದ್ಧಿ ಬಂದುಬಿಟ್ಟಿತು ಎಂದರೆ ನಂಬಬೇಡಿ. ಮೂರು ವಾರ ಬಿಟ್ಟು ಅಕ್ಕನ ಮನೆಯಲ್ಲಿ ಹುಳ ಹಣ್ಣಾಯಿತು. ಪ್ಲಾಸ್ಟರ್ ಇನ್ನೂ ಬಿಚ್ಚಿರಲಿಲ್ಲ. ಯಜಮಾನರನ್ನು ಬೆಳಿಗ್ಗೆಯೇ ಕಳಿಸಿ, ನಾನು ಬಾಗಿಲು ಮುಂದೆ ಮಾಡಿಕೊಂಡು ಒಳಗೇ ಕೂತೆ. ಕೆಲಸಕ್ಕೆ ಬಾರದ ಕೈ ಇಟ್ಟುಕೊಂಡು ಯಾವ ಮುಖ ಹೊತ್ತು ಹೋಗಲಿ? ಮಧ್ಯಾಹ್ನ ಅಕ್ಕನ ಸೊಸೆ ಬಂದು ಬಾಗಿಲು ತಟ್ಟಿದಳು.

"ಅತ್ತೆ ಕರೀತಾವ್ರೆ, ಬರ್ಬೇಕಂತೆ."

"ನನ್ನ ಕೈಲಿ ಏನಾಗುತ್ತವ್ವಾ?"

"ಕೆಲ್ಸಕ್ಕಲ್ಲ ಕಣಕ್ಕಾ, ಊಟಕ್ಕೆ."

ಹೋಗಬಾರದು ಅನ್ನಿಸಿತು, ಹೋದೆ. ಬೆಳಿಗ್ಗೆಯಿಂದ ಹುಳ ಆಯ್ದು ದಣಿದವರೆಲ್ಲ ಸಾಲಾಗಿ ಊಟಕ್ಕೆ ಕೂತಿದ್ದರು. ಒಂದೂ ಹುಳ ಮುಟ್ಟದ ನಾನು ಅವರ ನಡುವೆ ಕೂತೆ. ಯಾರೂ ನನ್ನ ಕೈ ನೋಡಲಿಲ್ಲ. ಜಾಗ ಬಿಟ್ಟು ಸರಿದುಕೊಂಡರು, ಒಬ್ಬಾಕೆ ಮುದ್ದೆ ಮುರಿದು ಸಾರಿಗೆ ಅದ್ದಿ ಕೊಟ್ಟಳು. ಎಡಗೈಯಲ್ಲೇ ತಿಂದೆ. ತಟ್ಟೆ ಖಾಲಿಯಾಗುವಷ್ಟರಲ್ಲಿ ಅಕ್ಕ ಮುದ್ದೆಯ ಪಾತ್ರೆ ಹಿಡಿದುಕೊಂಡು ಬಂದು ನನ್ನ ಮುಂದೆ ನಿಂತರು.

"ಇನ್ನೊಂದು ಇಕ್ಲಾ?"

"ಇಕ್ಕಕ್ಕಾ" ಎಂದೆ.