ನಮ್ಮ ಅಕ್ಷರ ನಮ್ಮ ಮನೆಯಲ್ಲೇ

ಸೇಡು ತೀರಿಸಿಕೊಳ್ಳುವುದು ಇಷ್ಟು ಸಿಹಿ ಎಂದು ಮುದುಕಿಯಾಗುವವರೆಗೂ ನನಗೆ ಗೊತ್ತಿರಲಿಲ್ಲ. ತೀರಿಸಿಕೊಟ್ಟವಳು ನನ್ನ ಮೊಮ್ಮಗಳು. ನೆನೆಸಿಕೊಂಡರೆ ಈಗಲೂ ಹೊಟ್ಟೆ ತಣ್ಣಗಾಗುತ್ತದೆ. ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಕಂಪ್ಯೂಟರಿನ ವಿಷಯದಲ್ಲಿ ಏನಾದರೂ ಹೆಚ್ಚುಕಡಿಮೆ ಬರೆದಿದ್ದರೆ ಅದು ನನ್ನ ತಪ್ಪು, ಅವಳದ್ದಲ್ಲ.

ಆಗ ನಾನು ಅಮೆರಿಕದ ಸ್ಟರ್ಲಿಂಗ್ ಹೈಟ್ಸ್ ಎಂಬ ಊರಿನಲ್ಲಿ ಮಗಳ ಮನೆಯಲ್ಲಿದ್ದೆ. ಅಳಿಯಂದಿರು ದಿನಾ ಡಿಯರ್‌ಬಾರ್ನಿಗೆ ಡ್ರೈವ್ ಮಾಡಿಕೊಂಡು ಹೋಗಿ ಬರುತ್ತಿದ್ದರು. ಕಾರಿನ ಬಿಡಿಭಾಗಗಳನ್ನು ಡಿಸೈನ್ ಮಾಡುವ ಆಫೀಸು. ರಿಸೆಷನ್ ಕಾಲ, ಎಲ್ಲ ಕಡೆ ಜನರನ್ನು ಕೆಲಸದಿಂದ ತೆಗೆಯುತ್ತಿದ್ದರು. ನಮ್ಮ ಬಡಾವಣೆಯಲ್ಲಿ ಒಂದಾದ ಮೇಲೊಂದು ಮನೆಯ ಮುಂದೆ ಮಾರಾಟದ ಬೋರ್ಡು ಏಳುತ್ತಿತ್ತು. ಯಾರ ಮನೆಗೆ ಹೋದರೂ ಮೊದಲು ಮುಖ ನೋಡಿ, ಕೆಲಸದ ಮಾತು ಎತ್ತಬಹುದೋ ಬೇಡವೋ ಎಂದು ತೀರ್ಮಾನಿಸಬೇಕಾಗಿತ್ತು.

ನಮ್ಮ ಕನ್ನಡದವರ ಗುಂಪಿಗೆ ಒಂದು ವೆಬ್‌ಸೈಟ್ ಇತ್ತು. ಅದರಲ್ಲಿ ಕೆಲಸದ ಪುಟ ಅಂತ ಒಂದನ್ನು ಶುರು ಮಾಡಿದರು. ಎಲ್ಲಿ ಕೆಲಸ ಖಾಲಿ ಇದೆ, ಕೆಲಸ ಹೋದರೆ ವೀಸಾ ಗತಿ ಏನು, ಇನ್ಶೂರೆನ್ಸ್ ಹೇಗೆ, ಎಲ್ಲ ಅಲ್ಲಿರುತ್ತಿತ್ತು. ಬೇಕೆಂದೇ ಕನ್ನಡದಲ್ಲಿ ಬರೆದರು. ಆಫೀಸಿನಲ್ಲಿ ಓದುವಾಗ ಹಿಂದಿನಿಂದ ಯಾರಾದರೂ ಬಗ್ಗಿ ನೋಡಿದರೂ ಅರ್ಥವಾಗಬಾರದಲ್ಲ. ಆದರೆ ಆಫೀಸಿನ ಕಂಪ್ಯೂಟರುಗಳಲ್ಲಿ ಕನ್ನಡದ ಫಾಂಟ್, ಅಂದರೆ ಅಕ್ಷರದ ಅಚ್ಚು, ಇಲ್ಲದೆ ಕನ್ನಡವೆಲ್ಲ ಚೌಕ ಚೌಕವಾಗಿ ಕಾಣುತ್ತಿತ್ತು. ಆಗ ಒಬ್ಬ ಮಹಾನುಭಾವ ಮುಂದೆ ಬಂದು, ಅಕ್ಷರ ನಾನು ಕೊಡುತ್ತೇನೆ, ಇದು ನನ್ನ ಭಾಷಾ ಸೇವೆ ಎಂದ. ಆಫೀಸುಗಳಿಗೆ ಕಾಂಟ್ರಾಕ್ಟ್ ಮೇಲೆ ಇಂಜಿನಿಯರುಗಳನ್ನು ಒದಗಿಸುವುದು ಅವನ ವ್ಯಾಪಾರ. ನಾವು ಶಾಲು ಹೊದಿಸಿ, ಹಣ್ಣಿನ ತಟ್ಟೆ ಕೊಟ್ಟು ಸನ್ಮಾನ ಮಾಡಿದೆವು. ಯಾರಾದರೂ ಸೇವೆ ಅಂದರೆ ಸಾಕು, ಯಾಕೆ ಎಂದು ಕೇಳುವ ಮೊದಲೇ ನಮ್ಮವರು ಶಾಲು ತರುತ್ತಾರೆ.

ಒಂದು ಸಂಜೆ ಅಳಿಯಂದಿರು ಮಂಕಾಗಿ ಬಂದರು. ನೀನು ಬೇರೆ ಕಡೆ ಕೆಲಸ ಹುಡುಕುತ್ತಿದ್ದೀಯಂತೆ, ಬಿಡುವುದಿದ್ದರೆ ಹೇಳು, ಕೆಲಸದಿಂದ ತೆಗೆಯಬೇಕಾದವರ ಲಿಸ್ಟ್ ಮಾಡುವುದು ಸುಲಭವಾಗುತ್ತದೆ ಎಂದು ಮ್ಯಾನೇಜರ್ ಕರೆದು ಹೇಳಿದ್ದನಂತೆ. ಇವರು ಹೆಂಡತಿಯ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಊಟದ ಹೊತ್ತಿನಲ್ಲಿ ಆ ಪುಟ ಓದಿದ್ದಷ್ಟೇ. ಅವತ್ತಿನಿಂದ ಓದುವುದನ್ನೂ ಬಿಟ್ಟರು. ಸುದ್ದಿ ಎಲ್ಲಿಂದ ಸೋರುತ್ತಿದೆ ಎಂದು ತಿಳಿಯದೆ ಮನೆಯಲ್ಲಿ ತೆರೆಯಲೂ ಹೆದರಿದರು. ಇದ್ದ ಕೆಲಸ ಹೋಗುವ ಮೊದಲು ಇನ್ನೊಂದು ಸಿಗಬೇಕು, ಹುಡುಕಿದರೆ ಇದ್ದದ್ದೂ ಹೋಗುತ್ತದೆ. ಅನ್ನ ಕಲಸಿಕೊಂಡು ಹಾಗೇ ಕೂತಿರುತ್ತಿದ್ದರು.

ಯುಗಾದಿ ಊಟದ ದಿನ ನಾನು ಒಬ್ಬಟ್ಟು ಬಡಿಸುತ್ತಿದ್ದೆ. ಶಾಲಿನ ಮಹಾನುಭಾವ ತಟ್ಟೆ ಹಿಡಿದು ಅಳಿಯಂದಿರ ಪಕ್ಕ ನಿಂತಿದ್ದ.

"ಏನ್ರೀ, ಲಂಚ್ ಟೈಮಲ್ಲಿ ನಮ್ ಪೇಜ್ ಚೆನ್ನಾಗಿ ಓದ್ತಿದ್ರಿ, ಈಗ ಯಾಕೆ ನಿಲ್ಲಿಸಿಬಿಟ್ರಿ?" ಎಂದ.

ಅಳಿಯಂದಿರು, "ನಾನು ಅಂತ ನಿಮಗೆ ಹೇಗೆ ಗೊತ್ತು?" ಎಂದರು.

"ನಿಮ್ಮಾಫೀಸಲ್ಲಿ ಕನ್ನಡ ಓದೋರು ಇನ್ಯಾರಿದಾರ್ರೀ, ನೀವೊಬ್ರೇ ತಾನೆ?" ಎಂದು ನಕ್ಕ. ಆಮೇಲೆ ನನ್ನ ಕಡೆ ತಿರುಗಿ, "ಅಮ್ಮಾ, ತುಪ್ಪ ಇನ್ನೊಂಚೂರು" ಎಂದ. ಹಾಕಿದೆ. ಮನಸ್ಸಿನಲ್ಲಿ ಅಂದುಕೊಂಡದ್ದನ್ನು ಇಲ್ಲಿ ಬರೆಯುವುದಿಲ್ಲ.

ಶಿಕಾಗೋದಲ್ಲಿ ಕಾಲೇಜು ಓದುತ್ತಿದ್ದ ಮೊಮ್ಮಗಳು ರಜೆಗೆಂದು ಬಂದಿದ್ದಳು, ಈ ಮಾತು ಅವಳ ಕಿವಿಗೂ ಬಿದ್ದಿತ್ತು. ಮನೆಗೆ ಬಂದವಳೇ ಆ ಪುಟದ ಹೊಟ್ಟೆ ಬಗೆದು ನೋಡಿದಳು. ಯಾರು ಪುಟ ತೆರೆದರೂ ಅವರ ಕಂಪ್ಯೂಟರ್ ಅಕ್ಷರ ಕೇಳಿಕೊಂಡು ಅವನ ಕಂಪ್ಯೂಟರಿನ ಬಾಗಿಲಿಗೆ ಹೋಗುತ್ತಿತ್ತು. ಯಾವ ಆಫೀಸಿನಿಂದ, ಎಷ್ಟು ಹೊತ್ತಿಗೆ, ಯಾವ ಪುಟಕ್ಕೆ ಎಂಬುದೆಲ್ಲ ಅಲ್ಲಿ ದಾಖಲಾಗುತ್ತಿತ್ತು. ಪಕ್ಕದ ಮನೆಗೆ ಸಕ್ಕರೆ ಕೇಳಲು ಹೋದರೆ ನಮ್ಮ ಡಬ್ಬ ಖಾಲಿ ಎಂದು ಆ ಮನೆಯವಳಿಗೆ ತಿಳಿಯುವುದಿಲ್ಲವೇ, ಹಾಗೆ. ಅಳಿಯಂದಿರ ಕುರ್ಚಿ ಖಾಲಿಯಾದರೆ ಅಲ್ಲಿ ತನ್ನ ಕಾಂಟ್ರಾಕ್ಟಿನವನನ್ನು ಕೂರಿಸಬಹುದು. ಮ್ಯಾನೇಜರನ ಕಿವಿ ಊದಿದವನು ಅವನೇ.

"ಅವನ ಕಂಪ್ಯೂಟರ್ ಸುಟ್ಟುಹೋಗೋ ಹಾಗೆ ಏನಾದ್ರೂ ಮಾಡೇ" ಎಂದೆ.

"ನೋ ಅಜ್ಜಿ. ವಿ ಜಸ್ಟ್ ಸ್ಟಾಪ್ ಆಸ್ಕಿಂಗ್ ಹಿಮ್" ಎಂದಳು. ಅವನನ್ನು ಕೇಳುವುದನ್ನೇ ನಿಲ್ಲಿಸಿದರೆ ಆಯಿತಂತೆ. ನನಗೆ ಇಷ್ಟೇನಾ ಅನ್ನಿಸಿತು.

ಗುಂಪಿನವರು ಒಪ್ಪಿ ವೆಬ್‌ಸೈಟಿನ ಪಾಸ್‌ವರ್ಡನ್ನು ಅವಳಿಗೆ ಕೊಟ್ಟರು. ಯಾರು ಬೇಕಾದರೂ ಬಳಸಬಹುದಾದ ಕನ್ನಡ ಫಾಂಟ್ ಒಂದನ್ನು ಹುಡುಕಿ ತಂದು ನಮ್ಮ ವೆಬ್‌ಸೈಟ್ ಇರುವ ಜಾಗದಲ್ಲೇ ಇಟ್ಟಳು. ಅವನ ಕಡೆಯಿಂದ ಬರುತ್ತಿದ್ದ ಚಿತ್ರ, ಓದುಗರನ್ನು ಎಣಿಸುವ ಮೀಟರು, ಎಲ್ಲ ಕಿತ್ತಳು. ಪುಟ ತೆರೆದಾಗ ಕಂಪ್ಯೂಟರ್ ಎಲ್ಲೆಲ್ಲಿ ಹೋಗಿ ಬಂತು ಎಂದು ತೋರಿಸುವ ಕಿಟಕಿ ಒಂದಿದೆ. ಮೊದಲು ಅದರ ತುಂಬ ಅವನ ಕಂಪನಿಯ ಹೆಸರು. ಈಗ ಬರೀ ನಮ್ಮದು. ಇನ್ನೊಂದು ಸಲ ತೋರಿಸೇ ಎಂದು ಮತ್ತೆ ಮತ್ತೆ ಪೀಡಿಸಿ ನೋಡಿದೆ. ಅವಳ ಕೈಗೆ ಮುತ್ತು ಕೊಟ್ಟೆ.

ನನ್ನ ಕೆಲಸ ಅಷ್ಟಕ್ಕೇ ಮುಗಿಯಲಿಲ್ಲ. ಕನ್ನಡ ಶಾಲೆಯವರು, ಭಜನೆಯವರು, ಎಲ್ಲರೂ ತಮ್ಮ ತಮ್ಮ ವೆಬ್‌ಸೈಟಿಗೆ ಅವನ ಅಕ್ಷರವನ್ನೇ ಹಾಕಿಕೊಂಡಿದ್ದರು. ಮನೆಮನೆಗೂ ಫೋನ್ ಮಾಡಿ ಹೇಳಿದೆ. ಮೊಮ್ಮಗಳು ಒಂದೊಂದರಿಂದಲೂ ಅವನನ್ನು ಹೊರಗೆ ಹಾಕುತ್ತ ಬಂದಳು.

ಒಂದು ಭಾನುವಾರ ಅವನೇ ಮನೆಗೆ ಬಂದ. ಸೇವೆ ಮಾಡಲೂ ಬಿಡುವುದಿಲ್ಲವಲ್ಲ ಎಂದು ಕೊರಗಿದ. ಕಾಫಿ ಕೊಟ್ಟು, ಲ್ಯಾಪ್‌ಟಾಪ್ ಅವನ ಮುಂದೆ ಇಟ್ಟೆ.

"ನಾನು ಓದಿದೋಳಲ್ಲಪ್ಪಾ. ಕೆಳಗಡೆ ಏನೋ ಹೊಸದಾಗಿ ಬರೆದಿದಾರೆ, ಸ್ವಲ್ಪ ಗಟ್ಟಿಯಾಗಿ ಓದಿ ಹೇಳಿ" ಎಂದೆ.

ಅವನು ಓದಿದ. ಈ ಪುಟದ ಅಕ್ಷರ, ಚಿತ್ರ ಎಲ್ಲವೂ ನಮ್ಮಲ್ಲೇ ಇವೆ, ನೀವು ಓದಿದ ಸುದ್ದಿ ಹೊರಗಿನ ಯಾರಿಗೂ ಹೋಗುವುದಿಲ್ಲ. ಹೀಗೆ ಬರೆಯಲು ಮೊಮ್ಮಗಳಿಗೆ ಹೇಳಿದವಳು ನಾನೇ. ಕೊನೆಗೆ ಬರುವಷ್ಟರಲ್ಲಿ ಅವನ ದನಿ ಇಳಿದಿತ್ತು.

"ಕೇಳಿಸ್ಲಿಲ್ಲ, ಇನ್ನೊಂದ್ಸಲ" ಎಂದೆ. ಒಳಗಿನಿಂದ ಮಗಳು "ಅಮ್ಮಾ, ಸಾಕು" ಎಂದು ಕೂಗಿದಳು. ಸಾಕಾಗಿರಲಿಲ್ಲ. ಎರಡನೇ ಸಲ ಓದಿಸಿಯೇ ಬಿಟ್ಟೆ.

ಅಳಿಯಂದಿರು ಮತ್ತೆ ಊಟದ ಹೊತ್ತಿನಲ್ಲಿ ಆ ಪುಟ ತೆರೆದರು. ಮೊದಮೊದಲು ಹೆದರಿಕೊಂಡು, ಆಮೇಲೆ ಆರಾಮಾಗಿ. ಮ್ಯಾನೇಜರ್ ಕರೆಯಲಿಲ್ಲ. ಜೂನಿನ ಹೊತ್ತಿಗೆ, ಅಲ್ಲಿನ ಬೇಸಿಗೆ ಬರುವಷ್ಟರಲ್ಲಿ, ಸ್ಟರ್ಲಿಂಗ್ ಹೈಟ್ಸಿನಲ್ಲೇ, ಮನೆಯಿಂದ ಮೂರೇ ಮೈಲಿ ದೂರದ ಪ್ಲಾಂಟಿನಲ್ಲಿ ಕೆಲಸ ಸಿಕ್ಕಿತು. ರಾಜೀನಾಮೆಯನ್ನು ತಾವೇ ಕೈಯಾರೆ ಕೊಟ್ಟು ಬಂದರು. ಮ್ಯಾನೇಜರ್ ಬಿಟ್ಟ ಬಾಯಿ ಮುಚ್ಚಲಿಲ್ಲವಂತೆ.

ಅದಾದ ಮೇಲೆ ದೇವಸ್ಥಾನದಲ್ಲಿ ತೀರ್ಥಕ್ಕೆ ನಿಂತಾಗ ಆ ಮಹಾನುಭಾವ ನಮ್ಮ ಹಿಂದೆಯೇ ಇದ್ದ. ಡಿಯರ್‌ಬಾರ್ನಿನಲ್ಲಿ ಹೇಗೆ ನಡೆಯುತ್ತಿದೆ ಎಂದು ಅಳಿಯಂದಿರನ್ನು ಕೇಳಿದ. ಅವರಿಗೆ ಬಾಯಿ ತೆರೆಯಲು ನಾನು ಬಿಡಲಿಲ್ಲ.

"ಬಿಟ್ಟು ತಿಂಗಳಾಯ್ತಲ್ಲಪ್ಪಾ. ನಿಮಗೆ ಗೊತ್ತೇ ಆಗ್ಲಿಲ್ವಾ?"

ಅವನು ಚಾಚಿದ ಕೈ ಹಾಗೇ ನಿಂತಿತು. ಪೂಜಾರಿಗಳು ಎರಡು ಸಲ ಕರೆಯಬೇಕಾಯಿತು. ನಾನು ಪಾರ್ಕಿಂಗ್ ಲಾಟಿಗೆ ಬಂದವಳೇ ಶಿಕಾಗೋಗೆ ಫೋನ್ ಹಚ್ಚಿಸಿ, ಅವನ ಮುಖ ಹೇಗಾಯಿತೆಂದು ಮೊಮ್ಮಗಳಿಗೆ ಒಂದೂ ಬಿಡದೆ ಹೇಳಿದೆ.