ಹೆದರದ ಮರಿಗಳು

ಹಳ್ಳದಾಚೆಯ ಸೇಬಿನ ತೋಟದಲ್ಲಿ ಔಷಧಿ ಹೊಡೆಯುವ ಯಂತ್ರ ಬೆಳಗಿನ ಐದಕ್ಕೇ ಮೊರೆಯತೊಡಗಿತ್ತು. ಲಿಯೋಟಾ ಅತ್ತೆ ಹಾಸಿಗೆಯಲ್ಲಿ ಕಣ್ಣುಮುಚ್ಚಿಕೊಂಡೇ ಕೇಳುತ್ತಿದ್ದಳು. ಹಳ್ಳದಂಚಿನ ಕೊನೆಯ ಸಾಲಿಗೆ ಬಂದಾಗ ನೀರಿನ ಕಡೆಗೆ ಔಷಧಿ ಚಿಮ್ಮುವ ನಾಝಲ್‌ಗಳನ್ನು ಮುಚ್ಚಬೇಕು. ಆಗ ಸದ್ದು ತುಸು ತೆಳುವಾಗುತ್ತದೆ. ಅವತ್ತು ತೆಳುವಾಗಲಿಲ್ಲ. ಯಂತ್ರ ಓಡಿಸುತ್ತಿದ್ದವನು ಅವಳ ತಮ್ಮ ಡೆಲ್ಬರ್ಟ್, ನನ್ನ ಅಪ್ಪ.

ಅತ್ತೆಗೆ ಅರವತ್ತಮೂರು. ಯಾಕಿಮಾ ಕಣಿವೆಯ ನಮ್ಮ ಬುಡಕಟ್ಟಿನ ಮೀನುಮರಿ ಕೇಂದ್ರದಲ್ಲಿ ಹನ್ನೊಂದು ವರ್ಷದಿಂದ ಕೆಲಸ. ಅವಳ ತಾಯಿಯ ಕಾಲಕ್ಕೇ ಈ ಹಳ್ಳದ ಸಾಲ್ಮನ್ ಮೀನಿನ ಸಂತತಿ ಅಳಿದುಹೋಗಿತ್ತು. ಬಕೆಟ್ಟಿನಲ್ಲಿ ಮರಿ ಹೊತ್ತು ತಂದು ವರ್ಷವರ್ಷವೂ ಬಿಟ್ಟವಳು ಅವಳು. ಅವುಗಳಲ್ಲಿ ಒಂಬತ್ತು ಹೋದ ಶರತ್ಕಾಲದಲ್ಲಿ ಸಮುದ್ರದಿಂದ ಹಿಂತಿರುಗಿ ಇಲ್ಲಿ ಮೊಟ್ಟೆಯಿಟ್ಟಿದ್ದವು. ಈಗ ಹಳ್ಳದ ಮಡುವಿನಲ್ಲಿದ್ದದ್ದು ಅವುಗಳ ಮರಿಗಳು. ಯಾರೂ ಹೊತ್ತು ತರದವು.

ಮೀನಿರುವಾಗ ಮೇಲ್ಹರಿವಿನಲ್ಲಿ ಕೈ ತೊಳೆದರೆ ನಮ್ಮಲ್ಲಿ ಮಕ್ಕಳಿಗೆ ಪೆಟ್ಟು ಬೀಳುತ್ತಿತ್ತು. ಮನುಷ್ಯನ ಕೈ, ಕರಡಿಯ ಪಂಜ, ಮೀನಿಗೆ ಎರಡೂ ಒಂದೇ ವಾಸನೆ. ಅತ್ತೆ ಮಾತ್ರ ದಿನಾ ಬೆಳಿಗ್ಗೆ ಬೇಕೆಂದೇ ಒಂದು ಕ್ಷಣ ಕೈ ಅದ್ದುತ್ತಿದ್ದಳು. ಮರಿಗಳು ಚದುರಿ ಕಲ್ಲಿನಡಿ ಸೇರುತ್ತಿದ್ದವು. ಅಷ್ಟು ನೋಡಿದರೆ ಅವಳಿಗೆ ನಿರಾಳ; ಮನೆಗೆ ಬಂದು ಕಾಫಿಗಿಡುತ್ತಿದ್ದಳು.

ಅವತ್ತು ಮೊಣಕೈವರೆಗೆ ಅದ್ದಿದಳು. ಒಂದೂ ಕದಲಲಿಲ್ಲ. ಮಡುವಿನ ಆಚೆ ತುದಿಯಲ್ಲಿ ಬೂದುಕೊಕ್ಕರೆಯೊಂದು ಅವಸರವಿಲ್ಲದೆ ಮರಿ ಎತ್ತುತ್ತಿತ್ತು. ಒಂದು ಹೋದರೂ ಪಕ್ಕದ್ದು ಅಲ್ಲೇ, ಹರಿವಿಗೆ ಮುಖಮಾಡಿ ನಿಂತಿರುತ್ತಿತ್ತು.

ಎಂಟು ಗಂಟೆಗೆ ಅಪ್ಪ ಎಂದಿನಂತೆ ಅವಳ ಅಡುಗೆಮನೆಗೆ ಬಂದ. ನಾನೂ ಅಲ್ಲೇ ಇದ್ದೆ.

"ಕೊನೇ ಸಾಲಲ್ಲಿ ನಾಝಲ್ ಮುಚ್ಚಿದ್ಯೇನೋ?"

"ಮೊದ್ಲು ಕಾಫಿ ಕೊಡೇ ಅಕ್ಕ. ಪೊಲೀಸ್ನೋರೂ ಕಾಫಿ ಕೊಟ್ಟೇ ಕೇಳ್ತಾರೆ."

"ಮುಚ್ಚಿದ್ಯೋ ಇಲ್ವೋ?"

"ವಾಲ್ವ್ ಹಿಡ್ಕೊಂಡ್ಬಿಟ್ಟಿದೆ. ವಾರದಿಂದ ತೋಟದ ಯಜಮಾನನಿಗೆ ಬಡ್ಕೊಳ್ತಿದೀನಿ, ಹೊಸದು ಬರತ್ತೆ ಬರತ್ತೆ ಅಂತಾನೆ. ಒಂದೇ ಒಂದು ಸಾಲು ತಾನೇ ಅಂತ ಹೊಡ್ದೆ. ಏನು, ಮೀನು ಸತ್ತು ತೇಲ್ತಿದ್ಯಾ?"

"ಇಲ್ಲ."

"ಮತ್ತೆ?"

"ಎದ್ದು ಬಾ."

ಅಪ್ಪ ಮಡುವಿನ ತಲೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಕೈ ಇಳಿಬಿಟ್ಟ. ಮರಿಯೊಂದು ತೇಲಿಬಂದು ಅವನ ಬೆರಳ ಸಂದಿಯಲ್ಲಿ ನಿಂತಿತು.

"ನೋಡು, ನನ್ನನ್ನ ಕಂಡ್ರೆ ಎಷ್ಟು ಪ್ರೀತಿ," ಎಂದ. ಯಾರೂ ನಗಲಿಲ್ಲ. ಅವನೂ ಕೈ ತೆಗೆದುಕೊಂಡ.

"ಔಷಧಿಗೆ ಮೂಗು ಮಂಕಾಗಿದೆ ಅಷ್ಟೇ ಕಣೇ. ನಾಲ್ಕು ದಿನಕ್ಕೆ ಸರಿಹೋಗತ್ತೆ."

"ನಾಲ್ಕು ದಿನ ಕೊಕ್ಕರೆ ಉಪವಾಸ ಮಾಡತ್ತಾ? ಗುರುವಾರ ಮತ್ತೆ ಹೊಡಿಯೋದಿದೆ ಅಲ್ವಾ?"

"ಇದೆ."

"ಅದೇ ವಾಲ್ವಲ್ಲಿ?"

ಅಪ್ಪ, "ನಾನು ಒಲ್ಲೆ ಅಂದ್ರೆ ಇನ್ನೊಬ್ಬ ಹೊಡೀತಾನೆ. ನೀನು ನಮ್ಮ ಬುಡಕಟ್ಟಿನ ಕಚೇರಿಗೆ ಹೇಳಿದ್ರೆ ಯಜಮಾನನಿಗೇನೂ ಆಗಲ್ಲ. ಔಷಧಿ ಹೊಡಿಯೋ ಲೈಸೆನ್ಸ್ ನನ್ನ ಹೆಸರಲ್ಲಿದೆ. ಈ ವಯಸ್ಸಲ್ಲಿ ನನಗೆ ಇನ್ಯಾರು ಕೆಲಸ ಕೊಡ್ತಾರೆ?" ಎಂದ.

"ಗೊತ್ತು."

"ಗೊತ್ತಿದ್ದೂ ಹೇಳ್ತೀಯಾ?"

"ಈಗ ಹೇಳಿದ್ರೆ ಗುರುವಾರದ್ದು ನಿಲ್ಲತ್ತೆ. ನೀನೇ ಬಾ, ಇಬ್ರೂ ಹೋಗೋಣ. ನಿನ್ನ ಬಾಯಿಂದಲೇ ಬಂದ್ರೆ ಅವರೂ ಸ್ವಲ್ಪ ಮೆತ್ತಗಾಗ್ತಾರೆ."

ಅಪ್ಪ ನೀರನ್ನೇ ನೋಡುತ್ತ ಕೂತಿದ್ದ. ಅವನ ಒದ್ದೆ ಕೈಯಿಂದ ಹನಿ ಬೀಳುತ್ತಿತ್ತು. ಅತ್ತೆ ಕಾದಳು. ಆಮೇಲೆ ದಡ ಹತ್ತಿದಳು.

"ಸರಿ, ನಾನೇ ಹೋಗ್ತೀನಿ ಡೆಲ್ಬರ್ಟ್," ಎಂದಳು, ತಿರುಗಿ ನೋಡದೆ, ಕಚೇರಿಯ ದಾರಿಯಲ್ಲಿ ಆಗಲೇ ನಡೆಯುತ್ತ. "ಯಾರು ಓಡಿಸಿದ್ದು ಅಂತ ಅವರು ಕೇಳೇ ಕೇಳ್ತಾರೆ, ಆಗ ನಾನು ನಿನ್ನ ಹೆಸರು ಹೇಳ್ಲೇಬೇಕು."