ಹಸಿರು ಪರದೆಯ ಮುಂದೆ ಬೈಸಿಕೊಂಡವರು

ಕೊರೊನಾ ಕಳೆದ ಮರುವರ್ಷದ ಮಳೆಗಾಲ. ಶಿರಸಿಯ ಒಂದು ಟ್ರಸ್ಟಿನ ಡಯಾಲಿಸಿಸ್ ಕೇಂದ್ರದಲ್ಲಿ ನಾನು ಸಿಸ್ಟಮ್ ಅಡ್ಮಿನ್ ಆಗಿದ್ದೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ರೋಗಿಗಳು ನಮ್ಮ ವೆಬ್‌ಸೈಟಿನಲ್ಲಿ ಸರದಿ ಕಾದಿರಿಸುತ್ತಿದ್ದರು. ಸರದಿ ಬದಲಾದರೆ ಅವರ ಫೋನಿಗೆ ಮೆಸೇಜ್ ಹೋಗಬೇಕು. ಈ ಘಟನೆಯನ್ನು ಹಲವರಿಗೆ ಹೇಳಿದ್ದೇನೆ. ಪ್ರತಿ ಸಲ ಹೇಳುವಾಗಲೂ ಅದರಲ್ಲಿ ನಾನು ಸ್ವಲ್ಪ ಸ್ವಲ್ಪ ಒಳ್ಳೆಯವನಾಗುತ್ತ ಬಂದಿದ್ದೇನೆ. ಅದಕ್ಕೇ ಈ ಸಲ ನೆನಪನ್ನು ಅನುಮಾನದಿಂದಲೇ ಬಳಸುತ್ತೇನೆ.

ವೆಬ್‌ಸೈಟಿನ ಹಿಂದೆ ಸರದಿ ನೋಡಿಕೊಳ್ಳುವ, ದಾಖಲೆ ಇಡುವ, ಮೆಸೇಜ್ ಕಳಿಸುವ ಬೇರೆ ಬೇರೆ ಸರ್ವಿಸ್‌ಗಳಿದ್ದವು. ನಾನು ಬರೆದ ಪ್ರೋಗ್ರಾಂ ನಿಮಿಷಕ್ಕೊಮ್ಮೆ ಪ್ರತಿಯೊಂದನ್ನೂ ‘ಇದ್ದೀಯಾ?’ ಎಂದು ಕೇಳುತ್ತಿತ್ತು. ಉತ್ತರ ಬಂದರೆ ನನ್ನ ಪರದೆಯ ಮೇಲೆ ಹಸಿರು, ಬಾರದಿದ್ದರೆ ಕೆಂಪು. ಇದಕ್ಕೆ ಹೆಲ್ತ್ ಚೆಕ್ ಎನ್ನುತ್ತಾರೆ.

ಆ ವಾರ ಡಯಾಲಿಸಿಸ್‌ಗೆ ಬೇಕಾದ ನೀರು ಶುದ್ಧ ಮಾಡುವ ಘಟಕ ರಿಪೇರಿಗೆ ಬಂತು. ಗುರುವಾರ ಕೆಲವೇ ಯಂತ್ರಗಳು ನಡೆಯುವುದರಿಂದ ಹಲವರ ಸರದಿಯನ್ನು ಬುಧವಾರಕ್ಕೆ ತಂದೆವು. ಬುಧವಾರ ನೋಡಿದರೆ ಕುರ್ಚಿಗಳು ಖಾಲಿ. ಉಸ್ತುವಾರಿ ನರ್ಸ್ ಶಾಂತಾ ಸಿಸ್ಟರ್ ಇಣುಕಿ, "ಮೆಸೇಜ್ ಹೋಗಿದ್ಯಾ?" ಎಂದರು. ನಾನು ಎಲ್ಲ ಹಸಿರಾಗಿದ್ದ ಪರದೆ ತೋರಿಸಿದೆ. "ಕಾಡಿನ ಊರಾಗ ನೆಟ್‌ವರ್ಕ್ ಎಲ್ಲೈತ್ರಿ ಸಿಸ್ಟರ್?" ನಾನು ಬನವಾಸಿ ಕಡೆಯವನು, ಕನ್ನಡವೂ ಆ ಕಡೆಯದೇ. ಯಾವ ಗೊಂದಲಕ್ಕೂ ನನ್ನ ಬಳಿ ನೆಟ್‌ವರ್ಕಿನ ಮಾತು ಸಿದ್ಧವಿತ್ತು. ಯಾರೂ ಅದನ್ನು ಪ್ರಶ್ನಿಸುತ್ತಿರಲಿಲ್ಲ.

ಗುರುವಾರ ದೊಡ್ಮನೆ ಕಡೆಯ ಹೆಗಡೆಯವರು ಹೆಂಡತಿ ಸಾವಿತ್ರಿಯವರ ಜೊತೆ ಬೆಳಗಿನ ಬಸ್ಸಿಗೆ ಬಂದರು. ಕಾಲು ಬಾತಿತ್ತು, ಮಾತಿಗೊಮ್ಮೆ ಉಸಿರು ಸಿಕ್ಕುತ್ತಿತ್ತು. ಅವರ ಸರದಿ ಹಿಂದಿನ ದಿನವೇ ದಾಟಿತ್ತು. ನಡೆಯುತ್ತಿದ್ದ ಯಂತ್ರಗಳಲ್ಲೆಲ್ಲ ಬೇರೆಯವರಿದ್ದರು. ಡಯಾಲಿಸಿಸ್ ತಪ್ಪಿದರೆ ಮೈಯ ನೀರು ಶ್ವಾಸಕೋಶದಲ್ಲಿ ತುಂಬುತ್ತದೆ. ಸಿಸ್ಟರ್ ನನ್ನನ್ನು ಹೊರಗೆ ಕರೆದರು.

"ಮೆಸೇಜ್ ಹೋಗೇತ್ರಿ, ನಮ್ಮಲ್ಲಿ ಎಲ್ಲಾ ಹಸಿರು ಐತಿ," ಎಂದೆ. "ನೆಟ್‌ವರ್ಕ್ ಇಲ್ಲಂದ್ರ ಗುಡ್ಡ ಹತ್ತಿ ನೋಡಬೇಕಿತ್ರಿ."

ಹೆಗಡೆಯವರು ಹೆಂಡತಿಯ ಕಡೆ ತಿರುಗಿದರು. "ಫೋನು ನಿನ್ನ ಕೈಲೇ ಇರ್ತಲೆ? ಒಂದು ಮೆಸೇಜ್ ನೋಡಲೆ ಆಗ್ತಿಲ್ಯ? ಆನು ಸತ್ತಮೇಲೆ ನೋಡ್ತ್ಯ?"

ಬೆಂಚಿನ ಮೇಲಿದ್ದ ಮತ್ತಿಘಟ್ಟದ ರೋಗಿಯೊಬ್ಬರು, "ಹೆಗಡೇರೆ, ಸಾಯಲೂ ಸರದಿ ಇದ್ದು. ಕೂತ್ಕಳಿ," ಎಂದರು. ಕೆಲವರು ನಕ್ಕರು. ನಾನೂ ನಕ್ಕೆ. ಇದನ್ನು ಈ ಮೊದಲು ಯಾರಿಗೂ ಹೇಳಿಲ್ಲ.

ಸಾವಿತ್ರಿಯವರು ಅತ್ತರು ಎಂದು ಹೇಳುತ್ತಿದ್ದೆ. ಅವರು ಅಳಲಿಲ್ಲ. ನನ್ನ ಹಿಂದೆಯೇ ಕೋಣೆಗೆ ಬಂದು ಫೋನನ್ನು ಮೇಜಿನ ಮೇಲಿಟ್ಟರು. "ಗ್ಯಾಸ್ ಸಿಲಿಂಡರ್ ಬಪ್ಪದು ಇದ್ರಲ್ಲೇ ಗೊತ್ತಾಗ್ತು. ನಿನ್ನೆ ಬ್ಯಾಂಕಿನ ಮೆಸೇಜೂ ಬೈಂದು. ನಿಮ್ಮ ಮೆಸೇಜಿಗೆ ಮಾತ್ರ ಗುಡ್ಡ ಹತ್ತವು ಹೇಳಾದ್ರೆ ಎಂತ ಮಾಡವು?"

ಕಂಪ್ಯೂಟರಿನ ಕಡೆ ತಿರುಗಿದೆ. ಕ್ಯೂ ತೆರೆದೆ, ಹೊರಡಬೇಕಾದ ಮೆಸೇಜುಗಳು ಸಾಲುಗಟ್ಟಿ ಕಾಯುವ ಜಾಗ ಅದು. ಸೋಮವಾರದಿಂದ ಎಲ್ಲವೂ ಅಲ್ಲೇ ಬಿದ್ದಿದ್ದವು. ಮೆಸೇಜ್ ರವಾನಿಸುವ ಕಂಪನಿಗೆ ನಾವು ತೋರಿಸಬೇಕಾದ ಪಾಸ್‌ವರ್ಡಿನ ಅವಧಿ ಮುಗಿದಿತ್ತು. ನಮ್ಮ ಸರ್ವಿಸ್ ಮಾತ್ರ ಕೇಳಿದಾಗಲೆಲ್ಲ ‘ಇದ್ದೇನೆ’ ಎನ್ನುತ್ತಿತ್ತು. ಅದು ಸುಳ್ಳಲ್ಲ. ನಾನು ಕೇಳಿದ್ದೇ ಅಷ್ಟು.

ಹೊಸ ಪಾಸ್‌ವರ್ಡ್ ಹಾಕಿದೆ. ಹೊರಗೆ ಬೆಂಚಿನ ಮೇಲೆ ಒಂದೊಂದಾಗಿ ಫೋನುಗಳು ಸದ್ದು ಮಾಡತೊಡಗಿದವು. ಸಾವಿತ್ರಿಯವರದೂ ಸದ್ದು ಮಾಡಿತು: ನಿಮ್ಮ ಸರದಿ ಬುಧವಾರಕ್ಕೆ ಬದಲಾಗಿದೆ.

"ತಪ್ಪು ನಮ್ದ್ರೀ ಅಮ್ಮಾ," ಎಂದೆ.

"ಯಂಗೆ ಹೇಳಡಿ. ಅವ್ಕೆ ಹೇಳಿ," ಎಂದು ತನಗಲ್ಲ, ಗಂಡನಿಗೆ ಎಂಬಂತೆ ಹೊರಗೆ ಕೈ ತೋರಿಸಿದರು.

ಅಷ್ಟರಲ್ಲಿ ಯಂತ್ರವೊಂದು ಖಾಲಿಯಾಗಿ, ಮತ್ತಿಘಟ್ಟದವರು ತಮ್ಮ ಸರದಿಯನ್ನು ಹೆಗಡೆಯವರಿಗೆ ಬಿಟ್ಟುಕೊಟ್ಟಿದ್ದರು. "ಎನ್ನ ಕಾಲು ಇಂದು ಸಮಾ ಇದ್ದು, ಸಂಜೆ ಬತ್ತೆ," ಎಂದರಂತೆ, ಡಾಕ್ಟರೂ ಒಪ್ಪಿದ್ದರು. ಹೆಗಡೆಯವರು ಯಂತ್ರಕ್ಕೆ ಸೇರಿದ್ದರು, ಉಸಿರು ತುಸು ಹಗುರಾಗತೊಡಗಿತ್ತು. ನಾನು ಬಗ್ಗಿ, ಪಕ್ಕದ ಕುರ್ಚಿಗೆ ಕೇಳದಷ್ಟು ಮೆಲ್ಲಗೆ, ತಪ್ಪು ನಮ್ಮದೆಂದು ಹೇಳಿದೆ.

"ಅಡ್ಡಿಲ್ಲೆ ಬಿಡಿ. ನಮ್ಮ ಬದಿಗೆ ನೆಟ್‌ವರ್ಕೇ ಹಂಗೆ," ಎಂದು ಅವರು ಕಣ್ಣು ಮುಚ್ಚಿದರು.

ಸಾವಿತ್ರಿಯವರು ಬಾಗಿಲಲ್ಲಿ ನಿಂತಿದ್ದರು. "ಹೇಳಿದ್ರ?"

"ಹೇಳಿದೆರಿ."

"ಯಂಗೆ ಕೇಳಿದ್ದಿಲ್ಲೆ. ಅವು ಬೈದಿದ್ದು ಎಲ್ಲರಿಗೂ ಕೇಳಿತ್ತು."

ಆ ವಾರವೇ ಹೆಲ್ತ್ ಚೆಕ್ ಬದಲಾಯಿಸಿದೆ. ಈಗ ಅದು ‘ಇದ್ದೀಯಾ’ ಎನ್ನುವುದಿಲ್ಲ, ಕೊನೆಯ ಮೆಸೇಜ್ ಯಾವಾಗ ತಲುಪಿತು ಎಂದು ಕೇಳುತ್ತದೆ. ಈ ಕೆಲಸ ನನಗೆ ಕಲಿಸಿದ್ದು ಅದೇ: ಕಳಿಸಿದವನ ಮಾತು ಸಾಕಾಗದು, ಪಡೆದವರನ್ನು ಕೇಳಬೇಕು. ದೂರು ಬಾರದಿರುವುದು ಎಲ್ಲ ಸರಿಯಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಜನ ತಮ್ಮನ್ನೋ ತಮ್ಮ ಊರನ್ನೋ ಬೈದುಕೊಂಡು ಸುಮ್ಮನಾಗಿರಬಹುದು. ಹೊಸ ಹುಡುಗರಿಗೆ ಇದನ್ನು ಪಾಠ ಮಾಡುವಾಗ, ನಾನು ಮತ್ತೆ ಒಳಗೆ ಹೋಗಿ ಎಲ್ಲರೆದುರು ಗಟ್ಟಿಯಾಗಿ ತಪ್ಪೊಪ್ಪಿಕೊಂಡೆ ಎಂದು ಸೇರಿಸುತ್ತಿದ್ದೆ.

ಹೋಗಿರಲಿಲ್ಲ.